ಹಳೆ ಕಟ್ಟಡದ ಮೇಲೆ ಇನ್ನೂ ಮೂರು ಮಹಡಿ ಏರಿಸಬಹುದೇ?

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ನಮ್ಮದು 30 ವರ್ಷದ ಆರ್‌ಸಿಸಿ ಕಟ್ಟಡ. ಕೆಳಗೆ ಅಂಗಡಿ, ಮೇಲೊಂದು ಮಹಡಿ. ಅದರ ಮೇಲೆ ಮೂರು ಮಹಡಿ ಫ್ಲ್ಯಾಟ್ ಕಟ್ಟಿಸುವ ಯೋಚನೆ. ಪಿಲ್ಲರ್ 9×12 ಇಂಚು, ಫೂಟಿಂಗ್ (ಪಿಲ್ಲರಿನ ಬುಡದ ಅಡಿಪಾಯ) 5 ಅಡಿ ಚೌಕ. ಮುಂದಕ್ಕೆ ಬೇಕಾಗಬಹುದೆಂದು ಟೆರೇಸಿನಲ್ಲಿ ಸರಳು ಬಿಟ್ಟಿದ್ದಾರೆ. ಗುತ್ತಿಗೆದಾರರು ಧಾರಾಳ ತಡೆಯುತ್ತದೆ ಎನ್ನುತ್ತಾರೆ. ನಂಬಬಹುದೇ?

ಉತ್ತರ: ಲೆಕ್ಕ ಹಾಗೆ ಹೇಳುವುದಿಲ್ಲ. ಗೋಡೆ, ನೆಲಹಾಸು, ಜನ, ಸಾಮಾನು ಸೇರಿ ಒಂದು ಮಹಡಿ ಚದರ ಮೀಟರಿಗೆ ಸುಮಾರು 1.2 ಟನ್. ಒಂದು ಪಿಲ್ಲರಿನ ಪಾಲಿಗೆ 12 ಚದರ ಮೀಟರ್ ಬಂದರೆ ಈಗಿನ ಎರಡು ಸ್ಲ್ಯಾಬಿಗೆ 29 ಟನ್, ಐದಾದರೆ 72. ಆ ಕಾಲದ ಎಂ15 ದರ್ಜೆಯ (ಬಲ 15 ಎಂಪಿಎ, ಅಂದರೆ ಚದರ ಮಿ.ಮೀ.ಗೆ 15 ನ್ಯೂಟನ್) ಕಾಂಕ್ರೀಟು, 12 ಮಿ.ಮೀ.ನ ಆರು ಸರಳು ಇರುವ ನಿಮ್ಮ ಅಳತೆಯ ಪಿಲ್ಲರ್ ಹೊರುವುದು 40 ಟನ್ ಆಸುಪಾಸು, ಅದೂ ನೇರ ಭಾರವಷ್ಟೇ. ಗಾಳಿ, ಭೂಕಂಪದ ಅಡ್ಡಬಲ ಬೇರೆ. ಫೂಟಿಂಗಿನಡಿ ಮಣ್ಣಿನ ಮೇಲೆ ಈಗ ಚದರ ಮೀಟರಿಗೆ 12 ಟನ್ ಚಿಲ್ಲರೆ ಬೀಳುತ್ತಿದೆ, ಆಗ 31 ಆಗುತ್ತದೆ. ಮರಳು ನೆಲ ಹೊರುವುದು 15 ಟನ್ ಎಂದು ವಿನ್ಯಾಸಕಾರರು ಹಿಡಿದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಫ್ಲ್ಯಾಟಿನ ನಕ್ಷೆಗೆ ಮುಂಚೆ ಪರೀಕ್ಷೆ ಮಾಡಿಸಿ. ಒಂದು ಫೂಟಿಂಗ್ ಅಗೆದು ಅಳೆಯಿರಿ. ಕನಿಷ್ಠ ಮೂರು ಕಡೆ ಕೋರ್ (ಬಲ ಪರೀಕ್ಷೆಗೆ ಕೊರೆದು ತೆಗೆವ ಕಾಂಕ್ರೀಟಿನ ತುಂಡು) ತೆಗೆಸಿ. ಸರಳಿನ ತುಕ್ಕು ಪತ್ತೆಹಚ್ಚುವ ಹಾಫ್-ಸೆಲ್ ಪರೀಕ್ಷೆಯ ಓದಿಕೆ ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗಿಳಿದಿದ್ದರೆ ಒಳಗೆ ತುಕ್ಕು ನಡೆದಿದೆಯೆಂದೇ ಹಿಡಿಯಿರಿ. ಉಪ್ಪಿನ ಮರಳು ಬಳಸಿರುವ ಗುಮಾನಿ ಇದ್ದರೆ ಕ್ಲೋರೈಡ್ ಪರೀಕ್ಷೆಯೂ ಬೇಕು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಕ್ಲೋರೈಡ್ ಮಿತಿ ಘನ ಮೀಟರಿಗೆ 0.6 ಕೆ.ಜಿ. ಅದು ಮೀರಿದ ಪಿಲ್ಲರಿಗೆ ಹೊರಗಿನಿಂದ ಹೊಸ ಕಾಂಕ್ರೀಟು ಕಟ್ಟಿದರೂ ಒಳಗಿನ ಸರಳು ಕೊಳೆಯುತ್ತಲೇ ಇರುತ್ತದೆ.

ಟೆರೇಸಿನ ಆ ಸರಳುಗಳ ಆಸೆ ಬಿಡಿ. ಸ್ಲ್ಯಾಬ್ ಮಟ್ಟದಲ್ಲಿ, ನೀರು ನಿಲ್ಲುವಲ್ಲೇ, ಅವು ಹೆಚ್ಚು ಸವೆಯುತ್ತವೆ. ತಂತಿ ಬ್ರಷ್ಷಿನಿಂದ ಉಜ್ಜಿ, ದಪ್ಪ ಅಳೆಯುವ ವರ್ನಿಯರಿನಲ್ಲಿ ಅಳೆದರೆ ತಿಳಿಯುತ್ತದೆ.

ಕಾಂಕ್ರೀಟು ಗಟ್ಟಿಯಿದ್ದರೆ ಜಾಕೆಟಿಂಗ್ (ಹಳೆ ಪಿಲ್ಲರಿನ ಸುತ್ತ ಹೊಸ ಸರಳು, ಕಾಂಕ್ರೀಟಿನ ಕವಚ) ಮಾಡಬಹುದು: ಸುತ್ತ ಕನಿಷ್ಠ 100 ಮಿ.ಮೀ., ಹಳೆಯದಕ್ಕಿಂತ ಕನಿಷ್ಠ 5 ಎಂಪಿಎ ಹೆಚ್ಚು ಬಲದ ಕಾಂಕ್ರೀಟು, ಸರಳುಗಳನ್ನು ಸುತ್ತುವ, 8 ಮಿ.ಮೀ.ಗೆ ಕಡಿಮೆಯಿಲ್ಲದ ರಿಂಗು. ಕೆಲಸ ಕೆಡುವುದು ಬುಡದಲ್ಲಿ. ಅಂಗಡಿ ಟೈಲ್ಸ್ ಒಡೆಯಲು ಬೇಸರಪಟ್ಟು ನೆಲದ ಮೇಲಿಂದ ಜಾಕೆಟ್ ಶುರು ಮಾಡುತ್ತಾರೆ. ಹೊಸ ಸರಳು ಫೂಟಿಂಗ್ ಮುಟ್ಟುವುದೇ ಇಲ್ಲ, ಭಾರ ಹಳೆ ಪಿಲ್ಲರಿನ ಮೇಲೇ ಉಳಿಯುತ್ತದೆ. ಫೂಟಿಂಗನ್ನೂ ಅಗಲಿಸಬೇಕು, ಬೀಮಿಗೆ ಜಾಕಿಯ ಆಸರೆ ಕೊಟ್ಟು, ಪಕ್ಕಪಕ್ಕದ ಎರಡು ಫೂಟಿಂಗನ್ನು ಒಮ್ಮೆಗೇ ಬಿಚ್ಚದೆ. ಅಗೆತ ಮಳೆಗಾಲಕ್ಕೆ ಮುಂಚೆ ಮುಗಿಯಲಿ, ಆಮೇಲೆ ಗುಂಡಿಯಲ್ಲಿ ನೀರು.

ಇಷ್ಟೆಲ್ಲ ಖರ್ಚಿನ ಬದಲು, ಕಟ್ಟಡದ ಹೊರಗೆ ಕೊರೆದು ಹಾಕಿದ ಪೈಲ್ (ನೆಲದಾಳಕ್ಕೆ ಇಳಿಸಿದ ಅಡಿಪಾಯದ ಕಂಬ) ಮೇಲೆ ಹೊಸ ಪಿಲ್ಲರ್ ಎಬ್ಬಿಸಿ, ಹಳೆ ಟೆರೇಸಿಗೆ ತಾಗದಂತೆ ಸ್ಟೀಲ್ ಗರ್ಡರ್ ಚಾಚಿ ಅದರ ಮೇಲೆ ಫ್ಲ್ಯಾಟ್ ಕಟ್ಟುವುದೇ ನಮಗೆ ವಾಸಿ ಎನಿಸುತ್ತದೆ. ಜಾಗವಿದ್ದರೆ ಮಾತ್ರ. ಬಡಿದು ಇಳಿಸುವ ಪೈಲ್ ಬೇಡ, ಹಳೆ ಗೋಡೆ ಬಿರುಕು ಬಿಡುತ್ತದೆ. ನಗರಸಭೆಯ ಜತೆಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿಯನ್ನೂ ಮೊದಲೇ ವಿಚಾರಿಸಿ.

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಹಂಚಿನ ಮನೆ, ಚಿರೆಕಲ್ಲು ಗೋಡೆ, ಮಣ್ಣಿನ ಗಾರೆ. ಸ್ಲ್ಯಾಬ್ ಹಾಕಿ ಮಹಡಿ ಕಟ್ಟಬಹುದೇ?

ಉತ್ತರ: ಬೇಡ. ಕಲ್ಲು ಎಷ್ಟೇ ಗಟ್ಟಿಯಿರಲಿ, ತೇವ ಹೀರಿದ ಮಣ್ಣಿನ ಗಾರೆ ಮೆತ್ತಗಾಗಿ ಗೋಡೆ ಉಬ್ಬುತ್ತದೆ. ಮಹಡಿ ಬೇಕೇ ಬೇಕೆಂದರೆ ಗೋಡೆಯ ಹೊರಬದಿಗೆ ಸ್ವಂತ ಫೂಟಿಂಗ್ ಇರುವ ಸ್ಟೀಲ್ ಕಂಬ ನಿಲ್ಲಿಸಿ, ಅದರ ಮೇಲೆ ಹಗುರ ಡೆಕ್ ಶೀಟಿನ (ಮಡಿಕೆಯ ಉಕ್ಕಿನ ತಗಡಿನ) ನೆಲ ಮಾಡಿಸಿ.