ಬ್ರಿಕ್ ಲೇನ್‌ನ ಮೂಲೆ ಕಟ್ಟಡ

ಪ್ರಶ್ನೆ: ಮೇಡಂ, ಲಂಡನ್ನಿನ ಬ್ರಿಕ್ ಲೇನ್‌ನಲ್ಲಿರುವ ಮಸೀದಿ ಮೊದಲು ಚರ್ಚ್ ಆಗಿತ್ತಂತೆ, ಆಮೇಲೆ ಯಹೂದಿಗಳ ಸಿನಗಾಗ್ ಕೂಡ ಆಗಿತ್ತಂತೆ. ಅಲ್ಲಿರುವ ಮಗಳು ಹೇಳಿದಳು. ಇಷ್ಟು ಸಲ ಕೈ ಬದಲಾಗಬೇಕಾದರೆ ಒಬ್ಬರನ್ನೊಬ್ಬರು ಓಡಿಸಿಯೇ ಇರಬೇಕು, ಅಲ್ವಾ?
— ಓದುಗರೊಬ್ಬರು

ಉತ್ತರ: ಇಲ್ಲ, ಅಲ್ಲಿ ಯಾರೂ ಯಾರನ್ನೂ ಓಡಿಸಲಿಲ್ಲ. ಇದ್ದವರು ಬೇರೆ ಕಡೆ ಮನೆ ಮಾಡಿಕೊಂಡು ಹೋದರು, ಪ್ರಾರ್ಥನೆಗೆ ಬರುವವರು ಕಡಿಮೆಯಾದರು, ಹೊಸದಾಗಿ ಬಂದವರು ಕಟ್ಟಡ ಹಿಡಿದರು. ಆ ಕಟ್ಟಡ ನನಗೆ ಇಷ್ಟವಾಗುವುದೇ ಇದಕ್ಕೆ.

ಕಟ್ಟಿಸಿದವರು ಹ್ಯೂಗನಾಟರು, ಅಂದರೆ ಫ್ರಾನ್ಸಿನ ಪ್ರಾಟೆಸ್ಟೆಂಟರು. 1685ರಲ್ಲಿ ಅಲ್ಲಿನ ರಾಜ ಹದಿನಾಲ್ಕನೇ ಲೂಯಿ ಅವರ ಪ್ರಾರ್ಥನೆಯ ಹಕ್ಕನ್ನೇ ಕಿತ್ತುಕೊಂಡ. ಸಾವಿರಾರು ಜನ ಇಂಗ್ಲೆಂಡಿಗೆ ತಪ್ಪಿಸಿಕೊಂಡು ಬಂದರು. ಅವರಲ್ಲಿ ರೇಷ್ಮೆ ನೇಯುವವರು ಬ್ರಿಕ್ ಲೇನ್ ಸುತ್ತಲಿನ ಸ್ಪಿಟಲ್‌ಫೀಲ್ಡ್ಸ್ ಬಡಾವಣೆಯಲ್ಲಿ ಮಗ್ಗ ಹೂಡಿದರು. ಬ್ರಿಕ್ ಲೇನ್ ಮತ್ತು ಫೋರ್ನಿಯರ್ ಬೀದಿ ಕೂಡುವ ಮೂಲೆಯಲ್ಲಿ 1743ರಲ್ಲಿ ಈ ಚರ್ಚ್ ಎದ್ದಿತು. ಗೋಡೆಯ ಮೇಲಿನ ನೆರಳು ಗಡಿಯಾರದಲ್ಲಿ ಆ ಇಸವಿಯನ್ನು ಈಗಲೂ ಓದಬಹುದು.

ಮಕ್ಕಳು, ಮೊಮ್ಮಕ್ಕಳು ಇಂಗ್ಲಿಷರ ಜೊತೆ ಬೆರೆತುಹೋದರು. ಫ್ರೆಂಚ್ ಪ್ರಾರ್ಥನೆ ಕೇಳುವವರು ಉಳಿಯಲಿಲ್ಲ. 1809ರಲ್ಲಿ ಯಹೂದಿಗಳನ್ನು ಕ್ರೈಸ್ತರನ್ನಾಗಿ ಮಾಡಲು ಹೊರಟ ಒಂದು ಸಂಘ ಕಟ್ಟಡಕ್ಕೆ ಬಂತು. ಹೆಚ್ಚು ಕಾಲ ನಿಲ್ಲಲಿಲ್ಲ. 1819ರಿಂದ ಅದು ಮೆಥಡಿಸ್ಟರು ಎಂಬ ಇನ್ನೊಂದು ಪ್ರಾಟೆಸ್ಟೆಂಟ್ ಪಂಗಡದವರ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ.

ಇನ್ನು ಮುಂದಿನದನ್ನು ಗಮನಿಸಿ. 1881ರಲ್ಲಿ ರಷ್ಯದ ಚಕ್ರವರ್ತಿಯ ಕೊಲೆಯಾಯಿತು. ಸಿಟ್ಟೆಲ್ಲ ಯಹೂದಿಗಳ ಮೇಲೆ ತಿರುಗಿ, ಊರೂರಲ್ಲಿ ಅವರ ಮನೆ, ಅಂಗಡಿಗಳ ಮೇಲೆ ದಾಳಿ ನಡೆಯಿತು. ಜೀವ ಉಳಿಸಿಕೊಂಡು ಬಂದವರಲ್ಲಿ ಬಹಳ ಮಂದಿ ಇದೇ ಬೀದಿಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತರು. 1898ರಲ್ಲಿ ಕಟ್ಟಡ ಸಿನಗಾಗ್ ಆಯಿತು. ಯಾರನ್ನು ಮತ ಬದಲಿಸಬೇಕೆಂದು ಅಲ್ಲಿ ಉಪದೇಶ ನಡೆದಿತ್ತೋ, ಅದೇ ಜನ ಅದೇ ಹಾಲ್‌ನಲ್ಲಿ ತಮ್ಮದೇ ಧರ್ಮಗ್ರಂಥ ತೋರಾ ಓದಿದರು. ಇದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಕೈ ತುಂಬ ದುಡಿದ ಮೇಲೆ ಅವರೂ ಉತ್ತರ ಲಂಡನ್ನಿನ ಕಡೆ ಹೋದರು. ಅಷ್ಟರಲ್ಲಿ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು ಬಂದಿದ್ದರು. ಅವರಲ್ಲೂ ಎಷ್ಟೋ ಜನ ಬಟ್ಟೆ ಹೊಲಿಯುವ ಕೆಲಸಕ್ಕೇ ಸೇರಿದರು. 1976ರಿಂದ ಅದು ಜಾಮೆ ಮಸೀದಿ.

ಮೂರೂ ಕಾಲದಲ್ಲಿ ಜನರನ್ನು ಆ ಬಡಾವಣೆಗೆ ಎಳೆದದ್ದು ಹೊಟ್ಟೆಪಾಡು. ಬಂದರು ಹತ್ತಿರ, ಬಾಡಿಗೆ ಕಡಿಮೆ, ಬಟ್ಟೆಯ ಕೆಲಸ ಜಾಸ್ತಿ. ಆದರೆ ಅದೇ ಕಟ್ಟಡ ಎಲ್ಲರಿಗೂ ಒಗ್ಗಿದ್ದು ಹೇಗೆ? ಹ್ಯೂಗನಾಟರು ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್‌ನ ದಾರಿಯವರು. ಚರ್ಚಿನೊಳಗೆ ವಿಗ್ರಹ, ಚಿತ್ರ ಇಡುತ್ತಿರಲಿಲ್ಲ. ಉಪದೇಶ ಎಲ್ಲರಿಗೂ ಕೇಳಿಸಬೇಕು, ಬೆಳಕು ಚೆನ್ನಾಗಿರಬೇಕು, ಅಷ್ಟೇ. ಹಾಗಾಗಿ ದೊಡ್ಡ ಕಿಟಕಿಗಳ ಸಾದಾ ಹಾಲ್ ಕಟ್ಟಿದರು. ಯಹೂದಿಗಳಿಗೂ ಮುಸ್ಲಿಮರಿಗೂ ಪ್ರಾರ್ಥನೆಯ ಜಾಗದಲ್ಲಿ ವಿಗ್ರಹ ಸಲ್ಲದು. ಗೋಡೆ ತುಂಬ ಸಂತರ ಮೂರ್ತಿಗಳಿದ್ದ ಚರ್ಚ್ ಆಗಿದ್ದರೆ ಇಷ್ಟು ಸಲೀಸಾಗಿ ಒಬ್ಬರಿಂದ ಒಬ್ಬರಿಗೆ ಹೋಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಮಗಳು ಇನ್ನೊಮ್ಮೆ ಆ ಕಡೆ ಹೋದರೆ ಸುಮ್ನೆ ಮಸೀದಿಯ ಫೋಟೊ ತೆಗೆದು ಬರುವುದು ಬೇಡ. ಪಕ್ಕದಲ್ಲಿರುವ ಉಕ್ಕಿನ ಗೋಪುರ 2009ರದು, ಅದನ್ನು ನೋಡಿ ಫೋರ್ನಿಯರ್ ಬೀದಿಗೆ ತಿರುಗಲಿ. ಅಲ್ಲಿನ ಹಳೇ ಮನೆಗಳ ಅಟ್ಟದಲ್ಲಿ ಅಗಲವಾದ ಕಿಟಕಿಗಳಿವೆ. ನೇಯುವವರಿಗೆ ಬೆಳಕು ಬೇಕಲ್ಲ, ಅದಕ್ಕೇ ಹಾಗೆ ಕಟ್ಟಿದ್ದು. ಆ ಚರ್ಚ್ ಕಟ್ಟಿಸಿದವರ ಬದುಕು ಅಲ್ಲಿ ಕಾಣುತ್ತದೆ.