ಓದುಗರ ಪ್ರಶ್ನೆ: ಮೈಕಿಗೆ ಎಂಥ ಮ್ಯೂಟ್ ಸ್ವಿಚ್ ಕೊಳ್ಳಬೇಕು?

ಪ್ರಶ್ನೆ: ವಿದೇಶದಲ್ಲಿರುವ ಮಕ್ಕಳಿಗೆ ಮನೆಯಿಂದಲೇ ಹಿಂದೂಸ್ತಾನಿ ಗಾಯನ ಕಲಿಸುತ್ತೇನೆ. ಕಂಡೆನ್ಸರ್ ಮೈಕನ್ನು ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲಿನಿಂದ ಆಡಿಯೋ ಇಂಟರ್‌ಫೇಸಿಗೆ (ಮೈಕಿನ ದನಿಯನ್ನು ಕಂಪ್ಯೂಟರಿಗೆ ತಲುಪಿಸುವ ಪೆಟ್ಟಿಗೆ) ಜೋಡಿಸಿದ್ದೇನೆ. ಕೆಮ್ಮು ಬಂದಾಗ ಅಥವಾ ಮನೆಯವರೊಡನೆ ಮಾತಾಡಬೇಕಾದಾಗ ಅನುಕೂಲವಾಗಲೆಂದು ಮೇಜಿನ ಮೇಲೆ ಒಂದು ಅಗ್ಗದ ಸ್ವಿಚ್ ಇಟ್ಟುಕೊಂಡೆ. ಅದನ್ನು ಒತ್ತಿದಾಗಲೆಲ್ಲ ಆ ಕಡೆ ‘ಧಡ್’ ಎಂದು ಸದ್ದಾಗುತ್ತದಂತೆ. ಮರಳಿ ಚಾಲೂ ಮಾಡಿದ ಮೇಲೂ ಕೆಲವು ಕ್ಷಣ ದನಿ ಸರಿಯಾಗಿ ಹೋಗುವುದಿಲ್ಲ. ಮೈಕೇ ಕೆಟ್ಟಿದೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಮೈಕು ಕೆಟ್ಟಿರುವ ಸಾಧ್ಯತೆ ಕಡಿಮೆ, ನೀವು ಹೇಳಿದ ಎರಡೂ ಲಕ್ಷಣಗಳು ಸ್ವಿಚ್ಚಿನ ಕಡೆಗೇ ಬೆರಳು ತೋರಿಸುತ್ತವೆ. ಕಂಡೆನ್ಸರ್ ಮೈಕು ಕೆಲಸ ಮಾಡಲು ವಿದ್ಯುತ್ ಬೇಕು. ಫ್ಯಾಂಟಮ್ ಪವರ್ ಎಂದು ಕರೆಯುವ ಈ 48 ವೋಲ್ಟ್, ಇಂಟರ್‌ಫೇಸಿನೊಳಗಿನ ತಲಾ 6.8 ಕಿಲೋಓಮಿನ ಎರಡು ರೆಸಿಸ್ಟರುಗಳ ಮೂಲಕ ಎಕ್ಸ್‌ಎಲ್‌ಆರ್ ಪ್ಲಗ್ಗಿನ 2 ಮತ್ತು 3ನೆಯ ಪಿನ್ನುಗಳಲ್ಲಿ ಹೋಗಿ 1ನೆಯ ಪಿನ್ನಿನಲ್ಲಿ ಮರಳುತ್ತದೆ. ಮೈಕಿನಿಂದ ದನಿ ಬರುವುದೂ 2 ಮತ್ತು 3ನೆಯ ಪಿನ್ನಿನ ಅದೇ ತಂತಿಗಳಲ್ಲಿ. ನಿಮ್ಮ ಸ್ವಿಚ್ ಆ ತಂತಿಗಳನ್ನೇ ಕತ್ತರಿಸುವ ಜಾತಿಯದಾಗಿದ್ದರೆ ದನಿಯೊಂದಿಗೆ ವಿದ್ಯುತ್ತೂ ನಿಂತುಹೋಗುತ್ತದೆ. ಮರಳಿ ಕೂಡಿಸಿದಾಗ 48 ವೋಲ್ಟ್ ಒಮ್ಮೆಲೇ ನುಗ್ಗುವುದರಿಂದ ‘ಧಡ್’ ಸದ್ದು ಬರುತ್ತದೆ. ಮೈಕಿನೊಳಗಿನ ಕೆಪಾಸಿಟರುಗಳು ತುಂಬಿಕೊಳ್ಳುವವರೆಗೆ ದನಿಯೂ ನೆಟ್ಟಗಿರುವುದಿಲ್ಲ.

ನಿಮಗೆ ಬೇಕಾದದ್ದು 2 ಮತ್ತು 3ನೆಯ ಪಿನ್ನುಗಳನ್ನು ಕತ್ತರಿಸದೆ ಒಂದಕ್ಕೊಂದು ಸೇರಿಸುವ, ಅಂದರೆ ಶಾರ್ಟ್ ಮಾಡುವ ಸ್ವಿಚ್. ಎರಡೂ ಪಿನ್ನುಗಳ ಮೇಲಿನ ವೋಲ್ಟೇಜ್ ಸರಿಸುಮಾರು ಒಂದೇ ಆಗಿರುವುದರಿಂದ ಅವನ್ನು ಸೇರಿಸಿದರೆ ಫ್ಯಾಂಟಮ್ ಪವರ್ ಅಲುಗುವುದಿಲ್ಲ. ಇಂಟರ್‌ಫೇಸ್ ದನಿಯೆಂದು ಎಣಿಸುವುದು ಆ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ವ್ಯತ್ಯಾಸ ಸೊನ್ನೆಯಾದರೆ ಮೌನ. ಕತ್ತರಿಸುವ ಸ್ವಿಚ್ಚಿನಲ್ಲಿ ಇಂಟರ್‌ಫೇಸಿನ ಬಾಯಿ ತೆರೆದೇ ಉಳಿದು ಸುತ್ತಲಿನ ಗುಂಯ್‌ಗುಡುವಿಕೆಯನ್ನು ಹಿಡಿದುಕೊಳ್ಳುವುದುಂಟು, ಶಾರ್ಟ್ ಮಾಡುವುದರಲ್ಲಿ ಆ ಕಾಟವೂ ಇಲ್ಲ.

ನಿಮ್ಮಲ್ಲಿರುವ ಸ್ವಿಚ್ ಯಾವ ಬಗೆಯದೆಂದು ತಿಳಿಯಲು ಒಂದು ಮಲ್ಟಿಮೀಟರ್ ಸಾಕು. ಎರಡೂ ಕಡೆಯ ಕೇಬಲ್ ಕಳಚಿ, ಮೀಟರನ್ನು ಬೀಪ್ ಮಾಡುವ ಸ್ಥಾನಕ್ಕೆ ತಿರುಗಿಸಿ, ಕಡ್ಡಿಗಳನ್ನು ಹೊರಹೋಗುವ ಬದಿಯ 2 ಮತ್ತು 3ನೆಯ ಪಿನ್ನುಗಳಿಗೆ ಹಿಡಿದು ಮ್ಯೂಟ್ ಒತ್ತಿರಿ: ಬೀಪ್ ಬಂದರೆ ಅದು ಶಾರ್ಟ್ ಮಾಡುವ ಸ್ವಿಚ್. ಬೀಪ್ ಬಾರದಿದ್ದರೆ ಒಳಬರುವ ಬದಿಯ 2ಕ್ಕೂ ಹೊರಹೋಗುವ ಬದಿಯ 2ಕ್ಕೂ ಸಂಪರ್ಕ ತಪ್ಪುತ್ತದೆಯೇ ನೋಡಿ. ತಪ್ಪಿದರೆ ನಿಮ್ಮ ‘ಧಡ್’ ಎಲ್ಲಿಂದ ಬಂತೆಂಬುದು ಖಚಿತವಾಯಿತು. ಮೀಟರಿನಲ್ಲಿ ಓಮ್ ಅಂಕಿಯನ್ನೂ ಗಮನಿಸುವುದು ಒಳ್ಳೆಯದು. 150 ಓಮ್ ಔಟ್‌ಪುಟ್ ಇಂಪೀಡೆನ್ಸಿನ (ಅಂದರೆ ಹೊರಹೋಗುವ ದನಿಯ ಸಂಕೇತಕ್ಕೆ ಮೈಕೇ ಒಡ್ಡುವ ತಡೆ) ಮೈಕಿಗೆ ಸ್ವಿಚ್ಚಿನ ಸಂಪರ್ಕದಲ್ಲಿ 1 ಓಮ್ ಉಳಿದರೂ ದನಿ ಸುಮಾರು ನೂರೈವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆಯೇ ಹೊರತು ಪೂರ್ತಿ ಅಳಿಯುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡ ಶಿಷ್ಯರಿಗೆ ನಿಮ್ಮ ಮನೆಯ ಮಾತು ಕ್ಷೀಣವಾಗಿ ಕೇಳಿಸಬಹುದು. ಸವೆದ ಸ್ವಿಚ್ಚುಗಳಲ್ಲಿ ಆಗುವುದು ಇದೇ.

ಇನ್ನು ಗುಂಡಿಯ ಸ್ವಭಾವ. ರೇಡಿಯೋ ಸ್ಟುಡಿಯೋಗಳಲ್ಲಿ ಉದ್ಘೋಷಕರ ಮುಂದಿರುವ ಕಾಫ್ ಬಟನ್ ಸಾಮಾನ್ಯವಾಗಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಮೌನವಾಗಿಸುವಂಥದ್ದು. ಬೆರಳು ತೆಗೆದೊಡನೆ ಮೈಕು ಚಾಲೂ ಆಗುವುದರಿಂದ ಮರೆತು ಕೂರುವ ಪ್ರಶ್ನೆಯೇ ಬರುವುದಿಲ್ಲ. ಕೆಮ್ಮಿಗೆ ಇದೇ ಸರಿ. ಆದರೆ ಎದ್ದು ಹೋಗಿ ಬಾಗಿಲು ತೆಗೆಯಬೇಕಾದರೆ ಒಮ್ಮೆ ಒತ್ತಿದರೆ ನಿಲ್ಲುವ ಗುಂಡಿ ಬೇಕು. ನಿಮಗೆ ಎರಡೂ ಅಗತ್ಯವಿರುವುದರಿಂದ ಎರಡು ರೀತಿಗೂ ಬದಲಿಸಿಕೊಳ್ಳಬಹುದಾದ ಪೆಟ್ಟಿಗೆಯನ್ನೇ ಕೇಳಿ ಕೊಳ್ಳಿ. ನಿಲ್ಲುವ ಗುಂಡಿಗೆ ದೀಪವಿಲ್ಲದಿದ್ದರೆ ನಾನಂತೂ ಅದನ್ನು ಕೊಳ್ಳುವುದಿಲ್ಲ: ಅರ್ಧ ಬಂದಿಶ್ ಹಾಡಿಯಾದ ಮೇಲೆ ‘ಗುರುಗಳೇ, ಕೇಳಿಸುತ್ತಿಲ್ಲ’ ಎನ್ನಿಸಿಕೊಳ್ಳುವುದು ಯಾರಿಗೆ ಬೇಕು? ದೀಪಕ್ಕೆ ವಿದ್ಯುತ್ ಎಲ್ಲಿಂದ ಬರುತ್ತದೆ, ಬ್ಯಾಟರಿಯಿಂದಲೋ ಅಡಾಪ್ಟರಿನಿಂದಲೋ ಎಂಬುದನ್ನೂ ವಿಚಾರಿಸಿ. ಮೈಕಿನ ಸ್ಟ್ಯಾಂಡು ಅದೇ ಮೇಜಿನ ಮೇಲಿದ್ದರೆ ಗುಂಡಿಯ ಟಕ್ ಸದ್ದು ಮರದ ಮೂಲಕ ಮೈಕಿಗೆ ಏರುತ್ತದೆ. ಪೆಟ್ಟಿಗೆಯ ಕೆಳಗೆ ದಪ್ಪ ರಬ್ಬರ್ ಹಾಸಿ, ಇಲ್ಲವೇ ಕಾಲಿನಿಂದ ಒತ್ತುವ ಸ್ವಿಚ್ ನೋಡಿ. ತಂಬೂರಿಯ ಮೇಲೆ ಕೈಯಿರುವವರಿಗೆ ಕಾಲಿನ ಸ್ವಿಚ್ಚೇ ಮೇಲು.

ಪ್ರಶ್ನೆ: ನನ್ನದು ಯುಎಸ್‌ಬಿ ಮೈಕು. ಯುಎಸ್‌ಬಿ ಕೇಬಲಿಗೇ ಆನ್-ಆಫ್ ಸ್ವಿಚ್ ಹಾಕಿಕೊಳ್ಳಬಹುದೇ?
— ಓದುಗರೊಬ್ಬರು, ತುಮಕೂರು

ಉತ್ತರ: ಬೇಡ. ಕೇಬಲಿನ ವಿದ್ಯುತ್ ಕಡಿದರೆ ಕಂಪ್ಯೂಟರಿನ ಪಾಲಿಗೆ ಮೈಕನ್ನು ಕಿತ್ತು ತೆಗೆದಂತೆಯೇ ಸರಿ. ಆಗ ಮೀಟಿಂಗ್ ತಂತ್ರಾಂಶ ತಾನಾಗಿಯೇ ಲ್ಯಾಪ್‌ಟಾಪಿನ ಒಳಮೈಕಿಗೆ ಹಾರಿಕೊಳ್ಳಬಹುದು, ಮೌನವಾಗಿದ್ದೇನೆಂದು ನೀವು ಆಡಿದ ಮಾತು ಎಲ್ಲರಿಗೂ ಕೇಳಿಸಬಹುದು. ಮೈಕಿನ ಮೇಲೆಯೇ ಮ್ಯೂಟ್ ಗುಂಡಿಯಿದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಕೀಲಿಗಳನ್ನು ನಿಗದಿಪಡಿಸಿಕೊಳ್ಳಬಲ್ಲ ಸಣ್ಣ ಯುಎಸ್‌ಬಿ ಗುಂಡಿಪಟ್ಟಿಯೊಂದನ್ನು ಕೊಂಡು, ಗೂಗಲ್ ಮೀಟ್‌ಗೆ ಕಂಟ್ರೋಲ್-ಡಿ, ವಿಂಡೋಸಿನ ಝೂಮ್‌ಗೆ ಆಲ್ಟ್-ಎ ಎಂದು ಹೊಂದಿಸಿಕೊಳ್ಳಿ.

ಪ್ರಶ್ನೆ: ಮೊಬೈಲಿಗೆ 3.5 ಮಿ.ಮೀ. ಜ್ಯಾಕಿನ ಕಾಲರ್ ಮೈಕು ಸಿಕ್ಕಿಸುತ್ತೇನೆ. ಅದಕ್ಕೂ ಶಾರ್ಟ್ ಮಾಡುವ ಸ್ವಿಚ್ಚೇ ಆದೀತೇ?
— ಓದುಗರೊಬ್ಬರು, ಶಿರಸಿ

ಉತ್ತರ: ಮೊಬೈಲಿನಲ್ಲಿ ಅದು ತಿರುಗುಬಾಣವಾಗುತ್ತದೆ. ಇಯರ್‌ಫೋನಿನ ತಂತಿಯಲ್ಲಿರುವ, ಕರೆ ಸ್ವೀಕರಿಸುವ ಗುಂಡಿ ಮಾಡುವುದೂ ಮೈಕಿನ ತಂತಿಯನ್ನು ಗ್ರೌಂಡಿಗೆ ಶಾರ್ಟ್ ಮಾಡುವ ಕೆಲಸವನ್ನೇ. ಆದ್ದರಿಂದ ನಿಮ್ಮ ಮ್ಯೂಟನ್ನು ಫೋನು ಆ ಗುಂಡಿಯೆಂದೇ ತಿಳಿದು ಕರೆಯನ್ನು ಕಡಿಯಬಹುದು, ಇಲ್ಲವೇ ಹಾಡು ಹಚ್ಚಬಹುದು. ಪರದೆಯ ಮೇಲಿನ ಮ್ಯೂಟ್ ಒತ್ತುವುದೇ ಕ್ಷೇಮ.