ನರ್ಸ್ ಆಗಿ ಸೇರಿದವಳು ಎಲ್ಲಿಯವರೆಗೆ ಏರಬಹುದು?

(ಹಾಸನದ ಓದುಗರೊಬ್ಬರ ಪತ್ರದ ಸಾರ: ಮಗಳು ದ್ವಿತೀಯ ಪಿಯುಸಿ. ಮಿಲಿಟರಿ ನರ್ಸಿಂಗ್‌ಗೆ ಹೋಗುವ ಹಟ. ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಗೆ ಆರತಿ ಸರೀನ್ ಮುಖ್ಯಸ್ಥೆಯಾದ ಸುದ್ದಿ ಓದಿ, ‘ನಾನೂ ಆ ಕುರ್ಚಿಯಲ್ಲಿ ಕೂರಬಹುದಲ್ಲವಾ?’ ಅನ್ನುತ್ತಾಳೆ. ಏನು ಹೇಳಲಿ?)

ಇದ್ದದ್ದನ್ನು ಇದ್ದ ಹಾಗೇ ಹೇಳಿ. ನರ್ಸಿಂಗ್ ದಾರಿ ಹಿಡಿದವರಿಗೆ ಈಗಿನ ವ್ಯವಸ್ಥೆಯಲ್ಲಿ ಆ ಕುರ್ಚಿ ಇಲ್ಲ.

ಸರ್ಜನ್ ವೈಸ್ ಅಡ್ಮಿರಲ್ ಸರೀನ್ ವೈದ್ಯೆ. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ (ಎಎಫ್‌ಎಂಸಿ) ಓದಿ 1985ರ ಡಿಸೆಂಬರ್‌ನಲ್ಲಿ ಕಮಿಷನ್, ಅಂದರೆ ಅಧಿಕಾರಿಯ ನೇಮಕ, ಪಡೆದವರು, 2024ರ ಅಕ್ಟೋಬರ್ 1ರಂದು ಮಹಾನಿರ್ದೇಶಕಿಯಾದರು. ನಡುವೆ ಸುಮಾರು 39 ವರ್ಷ. ಎಎಫ್‌ಎಂಸಿಯ ಎಂಬಿಬಿಎಸ್ ಪ್ರಕಟಣೆಗಳಲ್ಲಿ ಈಚಿನ ವರ್ಷಗಳಲ್ಲಿ ಕಂಡದ್ದು 145 ಸೀಟು, ಅದರಲ್ಲಿ ಹುಡುಗಿಯರಿಗೆ 30. ಮೇಲ್ಗಡೆ ಹೆಂಗಸರು ಏಕೆ ಕಡಿಮೆ ಎಂದು ಕೇಳುವವರು ಮೊದಲು ಈ ಲೆಕ್ಕ ನೋಡಬೇಕು. ಇವತ್ತು ಬಾಗಿಲಲ್ಲಿ ಎಷ್ಟು ಜನರನ್ನು ಒಳಗೆ ಬಿಡುತ್ತೇವೋ, ನಾಲ್ಕು ದಶಕದ ನಂತರದ ಆಯ್ಕೆ ಅಷ್ಟರಲ್ಲೇ ನಡೆಯಬೇಕು.

ಹಾಗೆಂದು ನರ್ಸುಗಳು ಹಿಂದೆ ಬಿದ್ದವರಲ್ಲ. ಭಾರತೀಯ ಸೇನೆಯಲ್ಲಿ ಮೇಜರ್ ಜನರಲ್ ಆದ ಮೊದಲ ಮಹಿಳೆ ಡಾಕ್ಟರಲ್ಲ, ನರ್ಸ್: ಗರ್ಟ್ರೂಡ್ ಅಲೀಸ್ ರಾಮ್, 1976ರಲ್ಲಿ. ವೈದ್ಯೆ ಪುನೀತಾ ಅರೋರಾ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಲೆಫ್ಟಿನೆಂಟ್ ಜನರಲ್ ಆದದ್ದು ಅದಾಗಿ 28 ವರ್ಷಕ್ಕೆ. ನನ್ನನ್ನು ಕಾಡುವುದು ನಂತರದ ಮಾತು. ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ತುದಿ ಇವತ್ತಿಗೂ ಅದೇ ಮೇಜರ್ ಜನರಲ್ ಹುದ್ದೆ. ಮೇಲೆ ಒಂದು ಮೆಟ್ಟಿಲೂ ಕೂಡಿಲ್ಲ. 1943ರ ಸುಗ್ರೀವಾಜ್ಞೆ ನರ್ಸುಗಳಿಗೆ ಪ್ರತ್ಯೇಕ ಸೇವೆ ಕಟ್ಟಿಕೊಟ್ಟಿತು, ಕಮಿಷನ್ ಕೊಟ್ಟಿತು. ಆದರೆ ಆಸ್ಪತ್ರೆಯ ಕಮಾಂಡ್ ವೈದ್ಯರ ಕೈಯಲ್ಲೇ ಉಳಿಯಿತು. ಪ್ರಿನ್ಸಿಪಾಲ್ ಮೇಟ್ರನ್ ಆದವರೂ ನೋಡಿಕೊಳ್ಳುವುದು ನರ್ಸಿಂಗ್ ವಿಭಾಗವನ್ನು, ಇಡೀ ಆಸ್ಪತ್ರೆಯನ್ನಲ್ಲ.

ಅಮೆರಿಕದಲ್ಲೂ 1967ರಲ್ಲಿ ಕಾನೂನು ತಿದ್ದುವವರೆಗೆ ಸೇನೆಯ ಹೆಂಗಸರಿಗೆ ಕರ್ನಲ್ ದರ್ಜೆಯೇ ಕೊನೆ. 1970ರಲ್ಲಿ ನರ್ಸ್ ಅನ್ನಾ ಮೇ ಹೇಸ್ ಬ್ರಿಗೇಡಿಯರ್ ಜನರಲ್ ಆದರು. ಆದರೆ ದೊಡ್ಡ ಬದಲಾವಣೆ ಬಂದದ್ದು ತೊಂಬತ್ತರ ದಶಕದಲ್ಲಿ, ಸೇನಾ ಆಸ್ಪತ್ರೆಗಳ ಕಮಾಂಡ್ ನರ್ಸುಗಳಿಗೂ ತೆರೆದಾಗ. ನರ್ಸ್ ಪೆಟ್ರೀಷಿಯಾ ಹೊರೊಹೊ ಹಾಗೆ ವಾಲ್ಟರ್ ರೀಡ್, ಮ್ಯಾಡಿಗನ್ ಆಸ್ಪತ್ರೆಗಳನ್ನು ನಡೆಸಿ, ಬಜೆಟ್ಟು, ಸಿಬ್ಬಂದಿ, ಹಾಸಿಗೆ ಎಲ್ಲದಕ್ಕೂ ಜವಾಬು ಕೊಟ್ಟು, 2011ರಲ್ಲಿ ಸೇನೆಯ ಸರ್ಜನ್ ಜನರಲ್, ಅಂದರೆ ಅಲ್ಲಿನ ಸೇನಾ ವೈದ್ಯಕೀಯ ಸೇವೆಯ ಮುಖ್ಯಸ್ಥೆ, ಆದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ, ಮೊದಲ ನರ್ಸ್ ಎರಡೂ ಅವರೇ.

ನರ್ಸಿಗೆ ಆಡಳಿತ ಬಾರದು ಎನ್ನುವವರು ವಾರ್ಡಿನಲ್ಲಿ ಡ್ಯೂಟಿ ಬದಲಾಗುವ ಹೊತ್ತು ನಿಂತು ನೋಡಬೇಕು. ಬೀಗ ಹಾಕಿದ ಕಪಾಟು ತೆಗೆದು, ಹೋಗುವವಳೂ ಬರುವವಳೂ ಸೇರಿ ಮಾರ್ಫಿನ್ ಆಂಪ್ಯೂಲುಗಳನ್ನು ಎಣಿಸುತ್ತಾರೆ. ಕೊಟ್ಟದ್ದು ಎಷ್ಟು, ಯಾರಿಗೆ, ಅರ್ಧ ಉಳಿದು ಚೆಲ್ಲಿದ್ದು ಎಷ್ಟು, ಕಂಡ ಸಾಕ್ಷಿ ಯಾರು. ರಿಜಿಸ್ಟರಿಗೆ ಇಬ್ಬರ ಸಹಿ. ಒಂದು ಕಡಿಮೆ ಬಂದರೂ ಬೀಗದ ಕೈ ಹಸ್ತಾಂತರವಾಗುವುದಿಲ್ಲ. ಲೆಕ್ಕ, ಜನ, ಜವಾಬ್ದಾರಿ ಮೂರೂ ಅಲ್ಲಿವೆ.

ಮದುವೆಯ ಬಗ್ಗೆ ನಿಮಗೆ ಅಳುಕಿದ್ದರೆ ಬಿಡಿ. ಮದುವೆಯಾದ ನರ್ಸನ್ನು ಸೇವೆಯಿಂದ ತೆಗೆಯುವ ನಿಯಮ 1995ರಲ್ಲೇ ಹೋಯಿತು. ಅದರಡಿ 1988ರಲ್ಲಿ ಕೆಲಸ ಕಳೆದುಕೊಂಡ ಲೆಫ್ಟಿನೆಂಟ್ ಒಬ್ಬರಿಗೆ 60 ಲಕ್ಷ ರೂಪಾಯಿ ಕೊಡುವಂತೆ ಸುಪ್ರೀಂ ಕೋರ್ಟ್ 2024ರಲ್ಲಿ ಆದೇಶಿಸಿತು.

ಈಗ ಮಗಳ ಕೆಲಸ. ಸೇನೆಯ ಬಿಎಸ್ಸಿ ನರ್ಸಿಂಗ್‌ಗೆ ಆರು ಕಾಲೇಜು, ಈಚಿನ ಪ್ರಕಟಣೆಗಳಂತೆ 220 ಸೀಟು. ಅದರಲ್ಲಿ 40 ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷನ್ನು ಮೊದಲ ಪ್ರಯತ್ನದಲ್ಲೇ ಪಾಸು ಮಾಡಿ ಒಟ್ಟು ಶೇ. 50 ತೆಗೆಯಬೇಕು, ಸಪ್ಲಿಮೆಂಟರಿಯಲ್ಲಿ ದಾಟಿದವರ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ವೈದ್ಯಕೀಯಕ್ಕೂ ನರ್ಸಿಂಗ್‌ಗೂ ನೀಟ್ ಒಂದೇ, ಹಾಗಾಗಿ ಯಾವ ದಾರಿ ಎಂಬ ತೀರ್ಮಾನ ಅಂಕ ಬಂದ ಮೇಲೂ ಮಾಡಬಹುದು. ಆದರೆ ನೀಟ್ ಬರೆದು ಸುಮ್ಮನೆ ಕೂರಬೇಡಿ. ಆ ವರ್ಷದ ಪ್ರಕಟಣೆ ನೋಡಿ, ಅದು ಹೇಳುವ ಜಾಲತಾಣದಲ್ಲಿ ಸೇನೆಯ ಕಾಲೇಜುಗಳಿಗೆಂದೇ ಬೇರೆ ನೋಂದಾಯಿಸಬೇಕು, ಕೊನೆಯ ದಿನಕ್ಕೆ ಮೊದಲು.